ನಮ್ಮ ಹುಡುಗರ ಸರ್ವೇ ಆಫೀಸು, ನಮ್ಮ ಮಸೀದಿಯ ಗಡಿಕಲ್ಲು

2025ರ ಜೂನ್ 6ರಂದು ಕೇಂದ್ರ ಸರಕಾರ ಉಮೀದ್ ಪೋರ್ಟಲ್ ತೆರೆದು, ವಕ್ಫ್ ಆಸ್ತಿಗಳ ವಿವರವನ್ನು ಆರು ತಿಂಗಳೊಳಗೆ ಅದರಲ್ಲಿ ತುಂಬಬೇಕು ಎಂದಿತು. ಆ ಆರು ತಿಂಗಳು ನಮ್ಮ ಜಮಾಅತ್‌ಗಳ ಕಾರ್ಯದರ್ಶಿಗಳು ಪಟ್ಟ ಪಾಡು ಮನೆಯವರಿಗೆ ಗೊತ್ತು. ಕಾಯ್ದೆ ಸರಿಯೋ ತಪ್ಪೋ ಎಂಬುದು ಇಂದಿನ ಮಾತಲ್ಲ, ಅದು ಬೇರೆ ಚರ್ಚೆ. ನಮ್ಮನ್ನು ಕಾಡಿದ್ದು ಬೇರೆಯೇ ಒಂದು ಸಂಗತಿ. ಪೆಟ್ಟಿಗೆಯಿಂದ ಹಳೆಯ ದಸ್ತಾವೇಜು ಹೊರಬಂತು, ಆರ್‌ಟಿಸಿಯೂ ಸಿಕ್ಕಿತು, ಎಕ್ರೆ ಸೆಂಟ್ಸ್ ಎಷ್ಟು ಎಂದೂ ಬರೆದಿತ್ತು. ಆದರೆ ದಫನಭೂಮಿಯ ಗಡಿ ಎಲ್ಲಿಂದ ಎಲ್ಲಿಗೆ ಎಂದು ಕೇಳಿದರೆ ಕಮಿಟಿಯವರು ಮುಖ ಮುಖ ನೋಡಿಕೊಂಡರು. ದಸ್ತಾವೇಜಿನಲ್ಲಿ ‘ಪಡುವಣ ಬದಿಗೆ ಹಲಸಿನ ಮರ, ತೆಂಕು ಬದಿಗೆ ಅಗಳು’ ಎಂದು ಉಂಟು. ಹಲಸಿನ ಮರ ಯಾವಾಗಲೋ ಬಿತ್ತು. ಅಗಳು ಮುಚ್ಚಿ ಅಲ್ಲೊಂದು ಕಾಂಕ್ರೀಟ್ ರಸ್ತೆ ಬಂದಾಗಿದೆ.

ಇದು ಒಂದು ಊರಿನ ಕಥೆಯಲ್ಲ. ತೋಟ ಪಾಲು ಮಾಡುವ ಮನೆಗಳಲ್ಲೂ ಇದೇ ಕಥೆ. ಉಪ್ಪ ತೀರಿಹೋದ ಮೇಲೆ ಶರೀಅತ್ ಪ್ರಕಾರ ಯಾರಿಗೆ ಎಷ್ಟು ಪಾಲು ಎಂದು ಉಸ್ತಾದರು ಅರ್ಧ ಗಂಟೆಯಲ್ಲಿ ಲೆಕ್ಕ ಹಾಕಿ ಕೊಡುತ್ತಾರೆ. ಆ ಪಾಲು ನೆಲದ ಮೇಲೆ ಎಲ್ಲಿ ಬೀಳುತ್ತದೆ ಎಂದು ಹೇಳುವುದಕ್ಕೆ ಹತ್ತು ವರ್ಷ ಹಿಡಿಯುತ್ತದೆ. ಒಬ್ಬ ತಮ್ಮ ಜುಬೈಲ್‌ನಲ್ಲಿ, ಇನ್ನೊಬ್ಬ ದುಬೈಯಲ್ಲಿ, ತಂಗಿ ಗಂಡನ ಮನೆಯಲ್ಲಿ. ಊರಿನಲ್ಲಿ ಇರುವವನು ಏನು ಹೇಳಿದರೂ ಉಳಿದವರಿಗೆ ಸಣ್ಣ ಸಂಶಯ.

ಇದೇ ಹೊತ್ತಿಗೆ ಇನ್ನೊಂದು ಬೆಳವಣಿಗೆ ನಮ್ಮ ಕಣ್ಣಿಗೆ ಬಿದ್ದಿದೆ. ಸಿವಿಲ್ ಡಿಪ್ಲೊಮಾ ಮಾಡಿ, ಗಲ್ಫಿನ ಬಿಸಿಲಿನಲ್ಲಿ ಕೆಲವು ವರ್ಷ ಟೋಟಲ್ ಸ್ಟೇಷನ್ ಹಿಡಿದು ನಿಂತ ನಮ್ಮ ಹುಡುಗರು ಊರಿಗೆ ಬಂದು ಸರ್ವೇ ಆಫೀಸು ಹಾಕುತ್ತಿದ್ದಾರೆ. ಆಫೀಸು ಅಂದರೆ ಒಂದು ಶಟರ್, ಒಂದು ಟೋಟಲ್ ಸ್ಟೇಷನ್, ಒಂದು ಕಂಪ್ಯೂಟರ್, ಇಬ್ಬರು ಹುಡುಗರು. ಬಂದ ಗಿರಾಕಿಗಳು ಈಗ ಮೊದಲು ಕೇಳುವುದೇ ‘ಡ್ರೋನ್ ಉಂಟಾ?’ ಎಂದು. ಇಲ್ಲ ಎಂದರೆ ಮುಂದಿನ ಅಂಗಡಿಗೆ ನಡೆಯುತ್ತಾರೆ. ಹಾಗಾಗಿ ಡ್ರೋನ್ ತರುತ್ತಾರೆ. ತಂದ ಮೇಲೆ ಗೊತ್ತಾಗುತ್ತದೆ, ಖರ್ಚು ಡ್ರೋನಿಗೆ ಮುಗಿಯಲಿಲ್ಲ ಎಂದು.

ಮದುವೆಯಲ್ಲಿ ಹಾರಿಸುವ ಡ್ರೋನ್ ವೀಡಿಯೊಗೂ ಸರ್ವೇಗೂ ಇರುವ ವ್ಯತ್ಯಾಸವನ್ನು ಮನೆಯವರೂ ತಿಳಿದುಕೊಂಡರೆ ಒಳ್ಳೆಯದು. ಸರ್ವೇಗೆ ಹಾರಿಸುವಾಗ ಡ್ರೋನ್ ಗದ್ದೆ ಉಳುವ ಹಾಗೆ ಸಾಲು ಸಾಲಾಗಿ ಹೋಗಿ ನೂರಾರು ಫೋಟೋ ತೆಗೆಯುತ್ತದೆ. ಒಂದು ಫೋಟೋದ ಮುಕ್ಕಾಲು ಭಾಗ ಮುಂದಿನ ಫೋಟೋದಲ್ಲೂ ಇರಬೇಕು, ಪಕ್ಕದ ಸಾಲಿನ ಜೊತೆಗೂ ಅರ್ಧಕ್ಕಿಂತ ಹೆಚ್ಚು ಕೂಡಬೇಕು. ಆಗ ಒಂದೇ ಕಲ್ಲು, ಒಂದೇ ಬಾವಿಕಟ್ಟೆ ಹಲವು ಕಡೆಯಿಂದ ಕಾಣುತ್ತದೆ. ಕಂಪ್ಯೂಟರಿನ ಸಾಫ್ಟ್‌ವೇರ್ ಈ ಸಮಾನ ಬಿಂದುಗಳನ್ನು ಹುಡುಕಿ, ಪ್ರತಿ ಫೋಟೋ ಎಲ್ಲಿಂದ ತೆಗೆದದ್ದು ಎಂದು ಲೆಕ್ಕ ಹಾಕಿ, ಲಕ್ಷಾಂತರ ಬಿಂದುಗಳ ಒಂದು ಮೂರು ಆಯಾಮದ ಮೋಡ ಕಟ್ಟುತ್ತದೆ. ಅದರಿಂದ ಓರೆಕೋರೆ ಇಲ್ಲದ ಒಂದೇ ದೊಡ್ಡ ಚಿತ್ರ ಬರುತ್ತದೆ, ಅದರ ಮೇಲೆ ಸ್ಕೇಲ್ ಇಟ್ಟು ಅಳೆಯಬಹುದು. ನೆಲದ ಏರುತಗ್ಗಿನ ಲೆಕ್ಕವೂ ಸಿಗುತ್ತದೆ. ಈ ಸಾಫ್ಟ್‌ವೇರ್ ಇಲ್ಲದಿದ್ದರೆ ಆ ಇನ್ನೂರು ಫೋಟೋ ಬರೀ ಇನ್ನೂರು ಫೋಟೋ, ಅಷ್ಟೇ.

ಬೆಲೆಯ ವಿಷಯಕ್ಕೆ ಬರೋಣ. ಈ ಕ್ಷೇತ್ರದಲ್ಲಿ ದೊಡ್ಡ ಹೆಸರು ಸ್ವಿಟ್ಜರ್ಲೆಂಡಿನ ಪಿಕ್ಸ್‌ಫೋರ್‌ಡಿ. ಅಮೆರಿಕದ ಡ್ರೋನ್‌ಡಿಪ್ಲಾಯ್ ಇನ್ನೊಂದು. ಎರಡಕ್ಕೂ ವರ್ಷ ವರ್ಷ ಚಂದಾ, ಅದು ಲಕ್ಷ ದಾಟುತ್ತದೆ. ರಷ್ಯಾದ ಮೆಟಾಶೇಪ್ ಒಮ್ಮೆ ಕೊಂಡರೆ ಮುಗಿಯಿತು, ಆದರೆ ಅದರ ಪ್ರೊಫೆಷನಲ್ ಆವೃತ್ತಿ ಮೂರೂವರೆ ಸಾವಿರ ಡಾಲರ್ ಹತ್ತಿರ, ಅಂದರೆ ಸುಮಾರು ಮೂರು ಲಕ್ಷ ರೂಪಾಯಿ. ಅದೇ ಕಂಪೆನಿಯ ಸ್ಟಾಂಡರ್ಡ್ ಆವೃತ್ತಿ ಇನ್ನೂರು ಡಾಲರ್ ಒಳಗೆ ಸಿಗುತ್ತದೆ ಎಂದು ಕೆಲವರು ಅವಸರದಲ್ಲಿ ಕೊಳ್ಳುತ್ತಾರೆ. ದಯವಿಟ್ಟು ಬೇಡ. ಅದರಲ್ಲಿ ಚಿತ್ರವನ್ನು ಭೂಪಟದ ಮೇಲೆ ಸರಿಯಾದ ಜಾಗಕ್ಕೆ ಕೂರಿಸುವ ವ್ಯವಸ್ಥೆಯೇ ಇಲ್ಲ. ಸರ್ವೇಯವನಿಗೆ ಅದು ಮೇಲ್ಛಾವಣಿ ಇಲ್ಲದ ಮನೆ.

ತಿಂಗಳಿಗೆ ನಾಲ್ಕೈದು ಡ್ರೋನ್ ಕೆಲಸ ಸಿಕ್ಕಿದರೆ ಪುಣ್ಯ ಎನ್ನುವ ಹುಡುಗ ಇಷ್ಟು ಹಣ ಎಲ್ಲಿಂದ ತರಬೇಕು? ಎರಡು ದಾರಿ ಕಾಣುತ್ತದೆ. ಒಂದು, ಹೆಂಡತಿಯ ಚಿನ್ನ ಅಡವಿಟ್ಟು ಬಡ್ಡಿಗೆ ಸಾಲ. ಬಡ್ಡಿಯ ಬಗ್ಗೆ ಈ ಪುಟದ ಓದುಗರಿಗೆ ನಾವು ಹೇಳಬೇಕಾದ್ದಿಲ್ಲ. ಇನ್ನೊಂದು, ಯಾರೋ ಪೆನ್‌ಡ್ರೈವ್‌ನಲ್ಲಿ ಕೊಡುವ ‘ಕ್ರ್ಯಾಕ್’. ಇದರ ಬಗ್ಗೆ ಹೇಳಲೇಬೇಕು, ಏಕೆಂದರೆ ಇದನ್ನು ಕಳವು ಎಂದು ನಮ್ಮಲ್ಲಿ ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೇರೆಯವರ ದುಡಿಮೆಯನ್ನು ಬಾಗಿಲು ಮುರಿದು ತಂದದ್ದೇ ಅದು. ಕಾನೂನಿನಲ್ಲೂ ಅಪರಾಧ. ಅದರ ಮೇಲೆ, ಬೀಗ ಮುರಿದವನು ಒಳಗೆ ಇನ್ನೇನು ಇಟ್ಟಿದ್ದಾನೆ ಎಂದು ಯಾರಿಗೂ ತಿಳಿಯದು. ಗಿರಾಕಿಗಳ ದಸ್ತಾವೇಜು, ಆಧಾರ್ ಪ್ರತಿ, ನಕ್ಷೆ ಎಲ್ಲ ಇರುವ ಕಂಪ್ಯೂಟರಿಗೆ ಅಂಥದ್ದನ್ನು ಬಿಡುವುದು ಆಫೀಸಿನ ಕೀಲಿಕೈಯನ್ನು ಬಸ್‌ಸ್ಟಾಂಡಿನಲ್ಲಿ ಇಟ್ಟು ಬಂದ ಹಾಗೆ.

ಮೂರನೆಯ ದಾರಿಯೂ ಉಂಟು. ಈ ಸಂಪಾದಕೀಯ ಬರೆಯಲು ಅದೇ ಕಾರಣ.

ಓಪನ್‌ಡ್ರೋನ್‌ಮ್ಯಾಪ್ ಎಂಬುದು ಜಗತ್ತಿನ ಬೇರೆ ಬೇರೆ ಕಡೆಯ ಜನ ಸೇರಿ ಕಟ್ಟಿದ ಮುಕ್ತ ತಂತ್ರಾಂಶ. ಅದನ್ನು ಸುಲಭವಾಗಿ ಬಳಸುವುದಕ್ಕೆ ಇರುವ ಮುಖ ವೆಬ್‌ಒಡಿಎಂ. ಬಳಸಲು ಲೈಸೆನ್ಸ್ ಹಣ ಇಲ್ಲ, ವರ್ಷದ ಚಂದಾ ಇಲ್ಲ, ದುಡಿಮೆಗೆ ಬಳಸಬಾರದು ಎಂಬ ತಡೆಯೂ ಇಲ್ಲ. ಕಂಪ್ಯೂಟರಿನಲ್ಲಿ ಕೂರಿಸುವ ವಿಧಾನ ತುಸು ತಲೆ ತಿನ್ನುತ್ತದೆ. ಅದು ಬೇಡ ಎನ್ನುವವರಿಗೆ ಅವರೇ ಅಲ್ಪ ಹಣಕ್ಕೆ ಸಿದ್ಧ ಇನ್‌ಸ್ಟಾಲರ್ ಕೊಡುತ್ತಾರೆ. ಫೋಟೋಗಳನ್ನು ಹಾಕಿ ಗುಂಡಿ ಒತ್ತಿದರೆ ಜೋಡಿಸಿದ ಚಿತ್ರ, ಬಿಂದುಮೋಡ, ಎತ್ತರದ ಮಾದರಿ ಎಲ್ಲವೂ ಬರುತ್ತವೆ. ಅದರ ಮೇಲೆ ಗೆರೆ ಎಳೆದು ನಕ್ಷೆ ಮಾಡಲು ಕ್ಯೂಜಿಐಎಸ್ ಇದೆ, ಅದೂ ಉಚಿತ. ಮಣ್ಣು ತೆಗೆದ ಗುಂಡಿಯ, ಜಲ್ಲಿ ರಾಶಿಯ ಘನ ಅಳತೆಗೆ ಕ್ಲೌಡ್‌ಕಂಪೇರ್ ಎಂಬುದು ಉಂಟು. ಎಪಿಕ್ ಗೇಮ್ಸ್ ಕಂಪೆನಿಯ ರಿಯಾಲಿಟಿಸ್ಕ್ಯಾನ್ (2025ರವರೆಗಿನ ಹೆಸರು ರಿಯಾಲಿಟಿಕ್ಯಾಪ್ಚರ್) ಎಂಬ ಬಲಶಾಲಿ ತಂತ್ರಾಂಶವೂ 2024ರಿಂದ, ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗಿಂತ ಕಡಿಮೆ ಆದಾಯ ಇರುವವರಿಗೆ ಉಚಿತ. ನಮ್ಮ ಹುಡುಗರಲ್ಲಿ ಆ ಮಿತಿ ದಾಟಿದವರು ಯಾರಾದರೂ ಇದ್ದರೆ ಈ ಪುಟಕ್ಕೆ ಒಂದು ಜಾಹೀರಾತು ಕೊಡಲಿ. ಆದರೆ ಅದಕ್ಕೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು.

ಉಚಿತ ಎಂದ ಕೂಡಲೇ ಎಲ್ಲವೂ ಸಲೀಸು ಎಂದಲ್ಲ. ವೆಬ್‌ಒಡಿಎಂಗೆ ಕಂಪ್ಯೂಟರಿನ ಮೆಮೊರಿ ಬೇಕು. ಇನ್ನೂರು ಚಿಲ್ಲರೆ ಫೋಟೋಗೆ 16 ಜಿಬಿ, ಐನೂರಕ್ಕೆ 32 ಜಿಬಿ ಇಟ್ಟುಕೊಳ್ಳಬೇಕು. ಕೆಲಸ ನಿಧಾನ. ಸಂಜೆ ಹಾಕಿ ಇಟ್ಟರೆ ಬೆಳಗ್ಗೆ ಸುಬ್‌ಹಿ ನಮಾಝ್ ಮುಗಿಸಿ ಬರುವಾಗ ಆಗಿರುತ್ತದೆ, ನಡುವೆ ಕರೆಂಟು ಹೋಗದಿದ್ದರೆ. ಯುಪಿಎಸ್‌ಗೆ ಖರ್ಚು ಮಾಡಿ ಎಂದು ಹೇಳುವುದು ಅದಕ್ಕೆ. ಏನಾದರೂ ತಪ್ಪಿದರೆ ಫೋನ್ ಮಾಡಿ ಕೇಳಲು ಕಂಪೆನಿ ಇಲ್ಲ. ಓದಿಯೇ ಕಲಿಯಬೇಕು, ಎಲ್ಲ ಇಂಗ್ಲಿಷಿನಲ್ಲಿ. ದಿನವೂ ನೂರಾರು ಎಕ್ರೆ ಮಾಡುವ ದೊಡ್ಡ ಕಂಪೆನಿಗೆ ದುಬಾರಿ ತಂತ್ರಾಂಶವೇ ಲಾಭ ಎಂದರೆ ನಾವು ಜಗಳ ಮಾಡುವುದಿಲ್ಲ. ನಾವು ಮಾತನಾಡುತ್ತಿರುವುದು ಒಂದು ಶಟರಿನ ಆಫೀಸಿನ ಬಗ್ಗೆ.

ಸ್ವಂತ ಕಂಪ್ಯೂಟರಿನಲ್ಲೇ ಕೆಲಸ ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ, ಇದು ಹಲವರಿಗೆ ಗೊತ್ತಿಲ್ಲ. 2021ರ ಫೆಬ್ರವರಿ 15ರಂದು ಕೇಂದ್ರ ಸರಕಾರ ನಕ್ಷೆ ತಯಾರಿಯ ನಿಯಮಗಳನ್ನು ಸಡಿಲಿಸಿತು. ಭಾರತೀಯರು ನಕ್ಷೆ ಮಾಡಲು ಮುಂಚಿತ ಅನುಮತಿ ಬೇಡ ಎಂದಿತು. ಆದರೆ ಅಡ್ಡಕ್ಕೆ ಒಂದು ಮೀಟರ್, ಎತ್ತರಕ್ಕೆ ಮೂರು ಮೀಟರ್‌ಗಿಂತ ಸೂಕ್ಷ್ಮವಾದ ದತ್ತಾಂಶವನ್ನು ಭಾರತದ ಒಳಗೇ ಇಡಬೇಕು, ಇಲ್ಲೇ ಸಂಸ್ಕರಿಸಬೇಕು ಎಂಬ ಷರತ್ತು ಹಾಕಿತು. ಡ್ರೋನ್ ಸರ್ವೇಯ ದತ್ತಾಂಶ ಸೆಂಟಿಮೀಟರ್ ಲೆಕ್ಕದ್ದು. ಅದನ್ನು ಯಾವುದೋ ದೇಶದ ಸರ್ವರಿಗೆ ಏರಿಸಿ ನಕ್ಷೆ ತರಿಸಿಕೊಳ್ಳುವ ಕ್ಲೌಡ್ ಸೇವೆ ಅಗ್ಗ ಕಂಡರೂ ಮೊದಲು ಸರ್ವರ್ ಎಲ್ಲಿದೆ ಎಂದು ಕೇಳಿ. ಮಸೀದಿಯ ಜಾಗದ ಕಡತದಲ್ಲಿ ಇಂಥ ಒಂದು ತೊಡಕು ನಮಗೆ ಯಾಕೆ ಬೇಕು ಮಾರಾಯ್ರೇ?

ಇನ್ನು ನಿಜವಾದ ಗಂಡಾಂತರದ ಮಾತು. ತಂತ್ರಾಂಶ ಯಾವುದೇ ಇರಲಿ, ಮೂರು ಲಕ್ಷದ್ದಿರಲಿ, ಉಚಿತದ್ದಿರಲಿ, ನೆಲದ ಮೇಲೆ ಗುರುತು ಹಾಕದೆ ತಂದ ನಕ್ಷೆ ನಂಬಿಕೆಗೆ ಯೋಗ್ಯ ಅಲ್ಲ. ಸಾಮಾನ್ಯ ಡ್ರೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಹೇಳುತ್ತದೆ. ಒಂದು ಇಂಚಿನ ಸೆನ್ಸರ್, 20 ಮೆಗಾಪಿಕ್ಸೆಲ್ ಕ್ಯಾಮೆರಾ ಇರುವ ಡ್ರೋನ್ 100 ಮೀಟರ್ ಎತ್ತರದಿಂದ ತೆಗೆದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಎರಡೂ ಮುಕ್ಕಾಲು ಸೆಂಟಿಮೀಟರ್. ಚಿತ್ರ ನೋಡಿದರೆ ಅಂಗಳದ ಚಪ್ಪಲಿ ಕೂಡ ಕಾಣುತ್ತದೆ. ಗಿರಾಕಿ ಮರುಳಾಗುವುದು ಇಲ್ಲಿಯೇ. ಇಷ್ಟು ಚಂದ ಕಾಣುವ ಚಿತ್ರ ತಪ್ಪಿರಲು ಸಾಧ್ಯವೇ ಎನ್ನುತ್ತಾನೆ. ಸಾಧ್ಯ. ಇಡೀ ಚಿತ್ರ ಮೂರು ಮೀಟರ್ ಜರುಗಿ ಕುಳಿತಿರಬಹುದು. ಆಗ ವಿಸ್ತೀರ್ಣ ಹೆಚ್ಚುಕಡಿಮೆ ಸರಿ ಬರುತ್ತದೆ, ಜಾಗ ತಪ್ಪುತ್ತದೆ. ಗಡಿಯ ಗೆರೆ ನೆರೆಯವನ ಬಾವಿಯ ಮೇಲೆ ಹೋಗಿ ನಿಲ್ಲುತ್ತದೆ. ಕೆಲವೊಮ್ಮೆ ಚಪ್ಪಟೆ ನೆಲವೇ ಬಟ್ಟಲಿನ ಹಾಗೆ ಬಾಗಿ ಬರುತ್ತದೆ.

ಮೂವತ್ತು ಸೆಂಟ್ಸ್ ಚೌಕದ ಜಾಗ ಎಂದಿಟ್ಟುಕೊಳ್ಳಿ. ಒಂದು ಬದಿ ಸುಮಾರು 35 ಮೀಟರ್. ಆ ಒಂದು ಬದಿಯ ಗೆರೆ ಅರ್ಧ ಮೀಟರ್ ಸರಿದರೆ ಹದಿನೇಳು ಚದರ ಮೀಟರ್ ಹೋಯಿತು, ಅರ್ಧ ಸೆಂಟಿಗೆ ಹತ್ತಿರ. ಮಂಗಳೂರಿನ ಸುತ್ತ ಅರ್ಧ ಸೆಂಟಿನ ಬೆಲೆ ಎಷ್ಟು ಎಂದು ಓದುಗರಿಗೆ ಗೊತ್ತು. ಒಂದು ಗೇಣು ನೆಲದ ಬಗ್ಗೆ ಮತಪ್ರಸಂಗದಲ್ಲಿ ಉಸ್ತಾದರು ಹೇಳಿದ್ದನ್ನು ನಾವೆಲ್ಲ ತಲೆತಗ್ಗಿಸಿ ಕೇಳಿದ್ದೇವೆ. ಗೇಣು ಎಂದರೆ ಒಂಬತ್ತು ಇಂಚು. ಗುರುತು ಹಾಕದ ಡ್ರೋನ್ ನಕ್ಷೆಯ ತಪ್ಪು ಅದರ ಹತ್ತು ಪಟ್ಟು ಆಗಬಹುದು.

ಉಪಾಯ ಹಳೆಯದೇ. ಹಾರಿಸುವ ಮೊದಲು ಜಾಗದ ನಾಲ್ಕು ಮೂಲೆ, ನಡುವೆ ಒಂದು, ಹೀಗೆ ಕನಿಷ್ಠ ಐದು ಕಡೆ ದೊಡ್ಡ ಕಪ್ಪು ಬಿಳಿ ಗುರುತು ಇಡಬೇಕು. ನೆಲ ಏರುತಗ್ಗು ಇದ್ದರೆ ಇನ್ನೂ ಹೆಚ್ಚು. ಪ್ರತಿ ಗುರುತನ್ನು ಡಿಜಿಪಿಎಸ್ ರೋವರ್‌ನಿಂದ ಅಳೆಯಬೇಕು. ರೋವರ್ ಕೊಳ್ಳಲು ಆಗದಿದ್ದರೆ ದಿನಬಾಡಿಗೆಗೆ ತರಬಹುದು. ಇನ್ನೂ ಎರಡು ಮೂರು ಗುರುತುಗಳನ್ನು ಅಳೆದು, ತಂತ್ರಾಂಶಕ್ಕೆ ಹೇಳದೆ ಬದಿಗಿಡಬೇಕು. ನಕ್ಷೆ ಬಂದ ಮೇಲೆ ಆ ಬದಿಗಿಟ್ಟ ಗುರುತುಗಳು ನಕ್ಷೆಯಲ್ಲಿ ಎಲ್ಲಿ ಬಿದ್ದಿವೆ ಎಂದು ನೋಡಿದರೆ ನಿಜ ಹೊರಬೀಳುತ್ತದೆ. ಮೂರು ನಾಲ್ಕು ಸೆಂಟಿಮೀಟರ್ ವ್ಯತ್ಯಾಸ ಇದ್ದರೆ ಒಳ್ಳೆಯ ಕೆಲಸ. ಈ ವ್ಯತ್ಯಾಸದ ಪಟ್ಟಿಯನ್ನು ನಕ್ಷೆಯ ಜೊತೆಗೆ ಕೊಡದ ಸರ್ವೇಯರಿಗೆ ಹಣ ಕೊಡಬೇಡಿ ಎಂದು ಕಮಿಟಿಗಳಿಗೂ ಮನೆಯವರಿಗೂ ನೇರವಾಗಿ ಹೇಳುತ್ತೇವೆ. ಯಾವ ಸಾಫ್ಟ್‌ವೇರ್ ಎಂದು ಕೇಳುವುದಕ್ಕಿಂತ ಮೊದಲು ಆ ಪಟ್ಟಿ ಎಲ್ಲಿ ಎಂದು ಕೇಳಿ.

ನಮ್ಮ ಕರಾವಳಿಯ ಇನ್ನೊಂದು ಕಷ್ಟ ತೆಂಗು ಕಂಗು. ಡ್ರೋನ್ ಕ್ಯಾಮೆರಾ ಮರದ ತಲೆ ನೋಡುತ್ತದೆ, ಬುಡ ನೋಡುವುದಿಲ್ಲ. ದಟ್ಟ ಅಡಿಕೆ ತೋಟದ ಒಳಗಿನ ಗಡಿಕಲ್ಲು ಫೋಟೋದಲ್ಲಿ ಬಾರದು. ಗಾಳಿಗೆ ಗರಿ ಆಡಿದರೆ ತಂತ್ರಾಂಶಕ್ಕೆ ಒಂದು ಫೋಟೋ ಇನ್ನೊಂದಕ್ಕೆ ಹೊಂದಿಸಲೂ ಆಗದು. ಬೆಳಗ್ಗೆ ಗಾಳಿ ಏಳುವ ಮೊದಲು, ಸ್ವಲ್ಪ ಮೇಲಿನಿಂದ, ಫೋಟೋ ಹೆಚ್ಚು ಕೂಡುವ ಹಾಗೆ ಹಾರಿಸಿದರೆ ಸುಧಾರಿಸಬಹುದು. ಮರದಡಿಯ ಗಡಿಗೆ ಟೋಟಲ್ ಸ್ಟೇಷನ್ನೇ ಗತಿ. ತೆರೆದ ದಫನಭೂಮಿ, ಗುಡ್ಡೆ, ಕೆಂಪುಕಲ್ಲಿನ ಕೋರೆ, ಲೇಔಟ್, ಶಾಲೆ ಮೈದಾನ ಇವಕ್ಕೆ ಡ್ರೋನ್ ಹೇಳಿ ಮಾಡಿಸಿದ್ದು. ಮಳೆಗಾಲದ ನಾಲ್ಕು ತಿಂಗಳು ಡ್ರೋನ್ ಪೆಟ್ಟಿಗೆಯಲ್ಲೇ. ಇದನ್ನೂ ಲೆಕ್ಕ ಹಾಕಿಯೇ ಚಂದಾ ಕಟ್ಟುವ ಯೋಚನೆ ಮಾಡಬೇಕು.

ಹಾರಿಸುವ ಕಾನೂನನ್ನು ಹಗುರ ಮಾಡಬಾರದು. 2021ರ ಡ್ರೋನ್ ನಿಯಮದ ಪ್ರಕಾರ ದುಡಿಮೆಗೆ ಹಾರಿಸುವ ಡ್ರೋನ್ 250 ಗ್ರಾಂ ಮೀರಿದ್ದರೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಹದಿನೆಂಟು ವರ್ಷ ತುಂಬಿ ಹತ್ತನೇ ಕ್ಲಾಸ್ ಪಾಸಾಗಿ, ಮಾನ್ಯತೆ ಇರುವ ಶಾಲೆಯಲ್ಲಿ ತರಬೇತಿ ಪಡೆದವರಿಗೆ ಅದು ಸಿಗುತ್ತದೆ, ಹತ್ತು ವರ್ಷ ಬಾಳುತ್ತದೆ. ಡ್ರೋನಿಗೆ ನೋಂದಣಿ ಸಂಖ್ಯೆ ಬೇಕು, ವಿಮೆ ಬೇಕು. ವಿಮಾನ ನಿಲ್ದಾಣದ ಗಡಿಯಿಂದ ಎಂಟು ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ, ಎಂಟರಿಂದ ಹನ್ನೆರಡರ ನಡುವೆ 200 ಅಡಿಗಿಂತ ಮೇಲೆ ಏರಿಸುವ ಹಾಗಿಲ್ಲ. ಬಜ್ಪೆ, ಗುರುಪುರ ಕೈಕಂಬದ ಕಡೆಯ ಜಮಾಅತ್‌ನವರು ಇದನ್ನು ಗಮನಿಸಬೇಕು. ಗಲ್ಫಿನಿಂದ ಬರುವಾಗ ಬ್ಯಾಗಿನಲ್ಲಿ ಒಂದು ಡ್ರೋನ್ ತರಿಸಿಕೊಳ್ಳುವ ಆಸೆಯೂ ಬೇಡ. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧ ಇದೆ.

ಕಾನೂನಿನಲ್ಲಿ ಇಲ್ಲದ ಇನ್ನೊಂದು ವಿಷಯ. ನಮ್ಮ ಜಿಲ್ಲೆಯ ಹವೆ ಎಲ್ಲರಿಗೂ ಗೊತ್ತು. ಮಸೀದಿಯ ಪಕ್ಕ ಯಾರದ್ದೋ ಮನೆ ಇರುತ್ತದೆ, ಅಂಗಳದಲ್ಲಿ ಹೆಂಗಸರು ಇರುತ್ತಾರೆ, ಆಚೆಗೆ ದೈವಸ್ಥಾನವೋ ಇಗರ್ಜಿಯೋ ಇರುತ್ತದೆ. ಹೇಳದೆ ಕೇಳದೆ ತಲೆಯ ಮೇಲೆ ಡ್ರೋನ್ ಬಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಹಿಂದಿನ ದಿನವೇ ಕಮಿಟಿಯ ಹಿರಿಯರು ಸುತ್ತಲಿನ ಮನೆಗಳಿಗೆ ಹೋಗಿ, ಇಂಥ ದಿನ ಇಷ್ಟು ಗಂಟೆಗೆ ನಮ್ಮ ಜಾಗದ ಅಳತೆ ಉಂಟು ಎಂದು ಹೇಳಿ ಬರಬೇಕು. ಠಾಣೆಗೂ ಒಂದು ಪತ್ರ ಕೊಡಬೇಕು. ಗಡಿಯ ಗುರುತು ಇಡುವಾಗ ನೆರೆಯವರನ್ನೇ ಕರೆದು ನಿಲ್ಲಿಸಿಕೊಂಡರೆ ಮುಂದಿನ ಎಷ್ಟೋ ಜಗಳ ಅಲ್ಲೇ ತಪ್ಪುತ್ತದೆ.

ಡ್ರೋನ್ ನಕ್ಷೆ ಹಕ್ಕುಪತ್ರ ಅಲ್ಲ ಎಂಬುದನ್ನೂ ಸ್ಪಷ್ಟ ಮಾಡಬೇಕು. ಹದ್ದುಬಸ್ತು, ಪೋಡಿ, ಜಾಗದ ಒಂದು ತುಂಡು ಮಾರುವಾಗಿನ 11ಇ ನಕ್ಷೆ, ಇವೆಲ್ಲ ಭೂಮಾಪನ ಇಲಾಖೆಯ ಮೂಲಕವೇ, ಸರಕಾರಿ ಅಥವಾ ಲೈಸೆನ್ಸ್ ಪಡೆದ ಭೂಮಾಪಕರಿಂದಲೇ ಆಗಬೇಕು. 2020ರ ಎಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಸರಕಾರವೇ ಡ್ರೋನ್ ಹಾರಿಸಿ ಆಸ್ತಿ ಕಾರ್ಡ್ ಕೊಡುತ್ತದಲ್ಲ ಎನ್ನಬಹುದು. ಅದು ಊರೊಳಗಿನ ಜನವಸತಿಯ ಜಾಗಕ್ಕೆ. ಬಯಲುಸೀಮೆಯಲ್ಲಿ ಮನೆಗಳೆಲ್ಲ ಗ್ರಾಮಠಾಣದಲ್ಲಿ ಒತ್ತೊತ್ತಾಗಿ ಇರುತ್ತವೆ. ನಮ್ಮಲ್ಲಿ ಒಂದು ಮನೆ ಇಲ್ಲಿ, ಇನ್ನೊಂದು ಗುಡ್ಡೆಯ ಆಚೆ. ಅದಕ್ಕೇ ಕಾಯುತ್ತ ಕೂತರೆ ಆಗದು. ಖಾಸಗಿ ಡ್ರೋನ್ ನಕ್ಷೆಯ ಉಪಯೋಗ ಬೇರೆ. ಇಂದು ನೆಲದ ಮೇಲೆ ಏನು ಉಂಟು, ಪಾಗಾರ ಎಲ್ಲಿ, ಖಬರ್‌ಗಳು ಎಲ್ಲಿಯವರೆಗೆ, ದಾರಿ ಎಷ್ಟು ಅಗಲ ಎಂಬುದಕ್ಕೆ ತಾರೀಕು ಸಹಿತ ಸಾಕ್ಷಿ. ಹದ್ದುಬಸ್ತಿಗೆ ಅರ್ಜಿ ಹಾಕುವ ಮೊದಲು ಕಮಿಟಿಗೆ ತನ್ನ ಜಾಗ ತನಗೆ ಗೊತ್ತಾಗುತ್ತದೆ. ಜುಬೈಲ್‌ನ ತಮ್ಮನಿಗೆ ವಾಟ್ಸ್‌ಆ್ಯಪ್‌ನಲ್ಲಿ ತೋರಿಸಬಹುದು.

ಜಮಾಅತ್ ಕಮಿಟಿಗಳಿಗೆ ನಮ್ಮ ಒಂದು ಬೇಡಿಕೆ. ನಿಮ್ಮ ಮಸೀದಿ, ಮದ್ರಸ, ದಫನಭೂಮಿಯ ನಕ್ಷೆಯ ಕೆಲಸವನ್ನು ಊರಿನ ಇಂಥ ಸಣ್ಣ ಆಫೀಸಿಗೆ ಕೊಡಿ. ‘ದೀನಿನ ಕೆಲಸ ಅಲ್ವಾ, ಫ್ರೀಯಾಗಿ ಮಾಡಿಕೊಡು’ ಎಂದು ಮಾತ್ರ ಹೇಳಬೇಡಿ. ಪೈಂಟ್ ಹೊಡೆಯುವವನಿಗೆ, ಪೆಂಡಾಲ್ ಹಾಕುವವನಿಗೆ ಕೂಲಿ ಕೊಡುತ್ತೇವೆ. ಅಳೆಯುವವನಿಗೂ ಕೊಡಬೇಕು. ಪುಕ್ಕಟೆ ಮಾಡಿಸಿದರೆ ಅವನು ಗುರುತು ಇಡುವುದಕ್ಕೆ ರೋವರ್ ಬಾಡಿಗೆ ತರುವುದಿಲ್ಲ, ನಷ್ಟ ಆಗುವುದು ಮಸೀದಿಗೇ. ಅಕ್ಕಪಕ್ಕದ ಮೂರು ನಾಲ್ಕು ಜಮಾಅತ್ ಸೇರಿ ಒಂದೇ ದಿನ ಇಟ್ಟುಕೊಂಡರೆ ರೋವರ್ ಬಾಡಿಗೆ, ಓಡಾಟದ ಖರ್ಚು ಹಂಚಿಹೋಗುತ್ತದೆ. ಜೋಡಿಸಿದ ಚಿತ್ರ ಮಾತ್ರ ಅಲ್ಲ, ಮೂಲ ಫೋಟೋಗಳು ಮತ್ತು ಗುರುತುಗಳ ಅಳತೆಯನ್ನೂ ಹಾರ್ಡ್‌ಡಿಸ್ಕಿನಲ್ಲಿ ಪಡೆದು ದಸ್ತಾವೇಜಿನ ಪೆಟ್ಟಿಗೆಯಲ್ಲೇ ಇಡಿ.

ಸರ್ವೇ ಹುಡುಗರಿಗೂ ಒಂದು ಮಾತು. ಒಬ್ಬೊಬ್ಬರೇ ಲಕ್ಷ ಸುರಿಯುವ ಬದಲು ತಾಲೂಕಿನಲ್ಲಿ ಇರುವ ಐದಾರು ಮಂದಿ ಸೇರಿ 64 ಜಿಬಿಯ ಒಂದು ಕಂಪ್ಯೂಟರ್ ಕಟ್ಟಿಸಿ ಸರತಿಯಲ್ಲಿ ಬಳಸಿ. ವೆಬ್‌ಒಡಿಎಂ ಚೆನ್ನಾಗಿ ಕಲಿತವನು ಉಳಿದವರಿಗೆ ಒಂದು ಆದಿತ್ಯವಾರ ಹೇಳಿಕೊಡಲಿ. ಬ್ಯಾರಿಯಲ್ಲೋ ಕನ್ನಡದಲ್ಲೋ ಅದರ ಕ್ರಮವನ್ನು ಬರೆದು ಕಳುಹಿಸಿದರೆ ಈ ಪುಟದಲ್ಲಿ ಜಾಗ ಕೊಡುತ್ತೇವೆ. ಮಳೆ ನಿಂತು ಆಕಾಶ ತೆರೆಯುವುದರೊಳಗೆ ಇಷ್ಟು ಆದರೆ ಈ ಬೇಸಗೆಯಲ್ಲೇ ಕೆಲಸ ಶುರು ಮಾಡಬಹುದು.